ತಲೆಯ ಹಿಂದಿನ ಕಮಾನು

ಸಂಶಿಯ ಬಸ್ ಸ್ಟ್ಯಾಂಡಿನಿಂದ ಕುಂದಗೋಳದ ದಾರಿ ಹಿಡಿದರೆ ಎಡಕ್ಕೆ ನನ್ನ ವೆಲ್ಡಿಂಗ್ ಅಂಗಡಿ. ಯಾಕೂಬಸಾಬನ ಅಂಗಡಿ ಎಂದರೆ ಸುತ್ತಲಿನ ಊರಿನವರಿಗೆಲ್ಲ ಗೊತ್ತು. ಯಾಕೂಬಸಾಬನ ಬಾಯಿಯೂ ಗೊತ್ತು. ಮೂವತ್ತೆರಡು ವರ್ಷಗಳಿಂದ ಕುಂಟೆ, ಟ್ರೇಲರ್, ಟ್ರ್ಯಾಕ್ಟರಿನ ಟಾಪು ಮಾಡುತ್ತ ಬಂದಿದ್ದೇನೆ, ಮೂವತ್ತೆರಡು ವರ್ಷಗಳಿಂದ ಗಿರಾಕಿಗಳ ಸಂಗಡ ಜಗಳವನ್ನೂ ಆಡುತ್ತ ಬಂದಿದ್ದೇನೆ.

ಹೆಚ್ಚಿನ ಜಗಳ ಟಾಪಿನದೇ. ಬಂದವರಿಗೆಲ್ಲ ತೆಳ್ಳನೆಯ ಪೈಪು ಬೇಕು. ಮೇಲೆ ಒಂದು ತಗಡು, ಹಾಡಿನ ಡಬ್ಬಿ ಕಟ್ಟಲು ಒಂದು ಕೊಕ್ಕೆ, ಹಿಂದೆ ಬಣ್ಣಬಣ್ಣದ ಜೂಲು. ಗಾಡಿ ಮಗುಚಿದರೆ ಈ ಪೈಪು ನಿನ್ನ ತಲೆ ಉಳಿಸಬೇಕೋ ಬೇಡವೋ ಎಂದು ಕೇಳಿದರೆ ನಕ್ಕುಬಿಡುತ್ತಾರೆ. ನೆರಳು ಸಾಕಿದ್ದರೆ ಛತ್ರಿ ಹಿಡಿದುಕೊಂಡು ಹೊಡಿ, ನನ್ನ ಅಂಗಡಿಗೆ ಯಾಕೆ ಬಂದೆ ಎಂದು ನಾನು ಅನ್ನುತ್ತೇನೆ. ಅರ್ಧ ಜನ ಎದ್ದು ಹೋಗುತ್ತಾರೆ, ಹೋಗಲಿ.

ನನ್ನ ತಮ್ಮ ಇಮಾಮುದ್ದೀನ ಹಂಗೇ ಸತ್ತ. ಕುಬಿಹಾಳದ ಹಳ್ಳದ ದಂಡೆಯ ಮೇಲೆ ಮಳೆ ನಿಂತ ಮರುದಿನ ಟ್ರ್ಯಾಕ್ಟರಿನಿಂದ ಹೊಲದ ಗಳೆ ಹೊಡೆಯಲು ಹೋಗಿದ್ದ. ಎರೆ ಮಣ್ಣು ಜಾರಿತು, ಟ್ರ್ಯಾಕ್ಟರ್ ಮಗುಚಿತು. ಟಾಪಿನ ಪೈಪುಗಳು ನಾಲ್ಕೂ ಕಡೆ ಮಡಚಿಕೊಂಡು ಅವನ ಮೇಲೆ ಕೂತವು. ಆ ಟಾಪು ನಾನೇ ಮಾಡಿದ್ದು, ನೆರಳಿಗೆಂದು. ಅಂದಿನಿಂದ ನನಗೆ ಹಿಡಿದದ್ದು ಒಂದೇ ಹುಚ್ಚು. ನಾನು ಮಾಡಿದ ಪೈಪು ಮಣಿಯಬಾರದು. ಅದರ ಕೆಳಗೆ ಕೂತವರ ತಲೆ ನನ್ನ ಜವಾಬ್ದಾರಿ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಗೌರೀಶ ಬಂದ. ಕುಬಿಹಾಳದವನು. ಗುಡಗೇರಿಯಲ್ಲಿ ಪಂಪಸೆಟ್ಟಿನ ಅಂಗಡಿ ಇಟ್ಟಿದ್ದಾನೆ, ಮನೆಯಲ್ಲಿ ಹೊಲವೂ ಚೆನ್ನಾಗಿದೆ. ಅವನಿಗೊಂದು ಕಾರಿನ ಹುಚ್ಚು. ಪುಣೆಯಿಂದ ಒಂದು ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ತಂದಿದ್ದ. ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಛತ್ತು, ನೆಲಕ್ಕೆ ತಾಗುವಷ್ಟು ಗಿಡ್ಡ. ದಿನವೂ ಅದರಲ್ಲೇ ಅಂಗಡಿಗೆ ಹೋಗುತ್ತಿದ್ದ, ತಿಂಗಳಿಗೊಮ್ಮೆ ಕೊಲ್ಲಾಪುರದ ಆಚೆ ಒಂದು ರೇಸಿನ ಟ್ರ್ಯಾಕಿಗೂ ಅದನ್ನೇ ಒಯ್ಯುತ್ತಿದ್ದ. ಟ್ರ್ಯಾಕಿನವರು ಈಗ ತಕರಾರು ತೆಗೆದಿದ್ದರು. ಛತ್ತಿಲ್ಲದ ಕಾರು ಮಗುಚಿದರೆ ಮೊದಲು ನೆಲಕ್ಕೆ ಬಡಿಯುವುದು ಚಾಲಕನ ತಲೆ, ಆದ್ದರಿಂದ ಸೀಟಿನ ಹಿಂದೆ ಗಟ್ಟಿ ಕಮಾನು ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ ಎಂದಿದ್ದರು. ಅಷ್ಟು ಹಳೆಯ ಕಾರಿಗೆ ಸಿದ್ಧ ಕಮಾನು ಎಲ್ಲೂ ಸಿಗಲಿಲ್ಲ. ಮೊಬೈಲಿನಲ್ಲಿ ಅಳತೆ ತೋರಿಸಿ ಮಾಡುತ್ತೀರಾ ಎಂದು ಕೇಳಿದ.

ಜೀವಮಾನದಲ್ಲಿ ಮೊದಲ ಸಲ ಒಬ್ಬ ಗಿರಾಕಿ ತಾನಾಗಿ ದಪ್ಪ ಪೈಪು ಕೇಳುತ್ತಿದ್ದ. ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ತಬ್ಬಿಕೊಳ್ಳಲಿಲ್ಲ, ಬದಲಿಗೆ ಚಪ್ಪಲಿ ಬಿಟ್ಟು ಕಾರಿನಲ್ಲಿ ಕೂಡು ಎಂದು ಗದರಿಸಿದೆ. ಕಮಾನಿನ ನೆತ್ತಿಯಿಂದ ಮುಂದಿನ ಗಾಜಿನ ಚೌಕಟ್ಟಿನವರೆಗೆ ಒಂದು ಕೋಲಿಟ್ಟರೆ, ಹೆಲ್ಮೆಟ್ ಹಾಕಿದ ತಲೆ ಆ ಕೋಲಿಗಿಂತ ಎರಡು ಬೆರಳು ಕೆಳಗಿರಬೇಕು ಎಂಬುದು ನಿಯಮವಂತೆ. ಕೋಲು ಸಿಗದೆ ಬಾಜು ಹೊಲದಿಂದ ಒಂದು ಜೋಳದ ದಂಟು ಮುರಿದು ತಂದು ಅಳತೆ ಹಿಡಿದೆ. ಹುಬ್ಬಳ್ಳಿಗೆ ಹೋಗಿ ಜೋಡಿಲ್ಲದ ಸೀಮ್‌ಲೆಸ್ ಪೈಪು ಕೊಂಡೆ. ಬೆಂಕಿ ಕೊಟ್ಟರೆ ಅದರ ಸತ್ವ ಹೋಗುತ್ತದೆ, ಹಾಗಾಗಿ ಅಲ್ಲಿಯದೇ ಮಷೀನಿನಲ್ಲಿ ತಣ್ಣಗೆ ಬಗ್ಗಿಸಿಕೊಂಡು ಬಂದೆ. ಹಿಂದಕ್ಕೆ ಎರಡು ಆಸರೆ, ನೆಲದಡಿ ಕೈಯಗಲದ ಉಕ್ಕಿನ ಪಟ್ಟಿ. ಬೆಸುಗೆಯನ್ನು ಮೂರು ದಿನ ಹಾಕಿದೆ. ಅಷ್ಟು ಚೆಂದದ ಬೆಸುಗೆ ನನ್ನ ಕೈಯಿಂದ ಮೊದಲು ಬಿದ್ದಿರಲಿಲ್ಲ, ಇನ್ನು ಬೀಳುವುದೂ ಇಲ್ಲ.

ಗೌರೀಶನ ಹೆಂಡತಿ ನಂದಾ ನಮ್ಮ ಸಂಶಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಎತ್ತರದ ಹೆಣ್ಣುಮಗಳು, ಬೆರಳಲ್ಲಿ ಯಾವಾಗಲೂ ಸೀಮೆಸುಣ್ಣ. ಶಾಲೆ ಬಿಟ್ಟ ಮೇಲೆ ಗಂಡನ ಕಾರಿನಲ್ಲೇ ಊರಿಗೆ ಹೋಗುವವಳು. ಕಮಾನು ಕೂಡಿಸಿದ ದಿನ ಬಂದು ಸೀಟಿನಲ್ಲಿ ಕೂತಳು, ಹಿಂದೆ ಕೈ ಚಾಚಿ ಪೈಪನ್ನು ಗೆಣ್ಣಿನಿಂದ ಕುಟ್ಟಿ ನೋಡಿದಳು. ಆಮೇಲೆ ನಾನು ಯೋಚಿಸದೇ ಇದ್ದ ಒಂದು ಪ್ರಶ್ನೆ ಕೇಳಿದಳು.

“ಟ್ರ್ಯಾಕಿನ್ಯಾಗ ಇವರು ಹೆಲ್ಮೆಟ್ ಹಾಕ್ಕೋತಾರ. ನಾ ದಿನಾ ಸಾಲಿಗೆ ಹೆಲ್ಮೆಟ್ ಹಾಕ್ಕೊಂಡು ಬರ್ಲೇನ್ರಿ ಕಾಕಾ?”

ತಲೆಯ ಹಿಂದೆ ಒಂದು ಗೇಣಿನಲ್ಲಿ ಬರಿ ಉಕ್ಕು. ಟ್ರ್ಯಾಕಿನಲ್ಲಿ ಜೀವ ಉಳಿಸುವುದು ಊರ ರಸ್ತೆಯಲ್ಲಿ ಬರಿದಲೆಗೆ ಸುತ್ತಿಗೆಯೇ. ಎದುರು ಒಪ್ಪಿಕೊಳ್ಳಲು ಮನಸ್ಸಾಗದೆ, ಅದಕ್ಕೇನು, ಸ್ಪಂಜು ಸುತ್ತಿ ಕೊಡುತ್ತೇನೆ ಎಂದೆ. ಫ್ರಿಜ್ಜಿನ ನಳಿಗೆಗೆ ಸುತ್ತುವ ಕರಿ ಸ್ಪಂಜು ತಂದು ತೋರಿಸಿದೆ. ಆಕೆ ಹೆಬ್ಬೆರಳಿನಿಂದ ಒತ್ತಿದಳು. ಬೆರಳು ನೇರವಾಗಿ ಕಬ್ಬಿಣಕ್ಕೆ ಹೋಗಿ ತಾಗಿತು. ಇದು ಮನಸ್ಸಿನ ಸಮಾಧಾನಕ್ಕೆ ಸರಿ, ತಲೆಗೆ ಸಾಲದು ಎಂದು ನಕ್ಕಳು.

ಗೌರೀಶನ ಬೆನ್ನು ಹತ್ತಿ ಪುಣೆಯಿಂದ ಬೇರೆ ಫೋಮು ತರಿಸಿದಳು. ಅದು ಚಪ್ಪಲಿಯ ಅಟ್ಟೆಯಷ್ಟು ಬಿರುಸು. ಇಷ್ಟು ಬಿರುಸಿದ್ದು ಏನು ಕಾಯುತ್ತದೆ ಎಂದು ನಾನು ಮೂಗು ಮುರಿದೆ. ಮೆತ್ತಗಿದ್ದರೆ ತಟ್ಟನೆ ಚಪ್ಪಟೆಯಾಗಿ ತಲೆ ಉಕ್ಕಿಗೇ ಹೋಗುತ್ತದೆ, ಬಿರುಸಿನದು ನಿಧಾನ ಕುಸಿದು ಏಟನ್ನು ತಾನು ನುಂಗಿಕೊಳ್ಳುತ್ತದೆ ಎಂದು ಮಕ್ಕಳಿಗೆ ಹೇಳುವಂತೆ ಹೇಳಿದಳು. ಅದನ್ನು ನಾನು ಅಂಟಿಸಿದೆ. ಮೇಲೆ ಕರಿ ಕ್ಯಾನ್ವಾಸಿನ ಗವಸನ್ನು ಆಕೆಯೇ ದಪ್ಪ ದಾರದಲ್ಲಿ ಹೊಲಿದು ಬಿಗಿದಳು. ಹಲ್ಲಿನಿಂದ ದಾರ ಕಡಿದು, “ಇದು ಅಲಂಕಾರ ಅಲ್ರಿ ಕಾಕಾ,” ಎಂದಳು. ನಾನು ತಲೆಯಾಡಿಸಿದೆ. ನನ್ನ ಬೆಸುಗೆ ಪೂರಾ ಮುಚ್ಚಿಹೋಯಿತಲ್ಲ ಎಂಬ ಸಣ್ಣ ಹೊಟ್ಟೆಯುರಿ ಆಗಲೇ ಇತ್ತು. ಅದನ್ನು ಈಗ ಮುಚ್ಚಿಟ್ಟು ಏನು ಪ್ರಯೋಜನ.

ಜನವರಿಯಲ್ಲಿ ಟ್ರ್ಯಾಕಿನ ಮೂರನೇ ತಿರುವಿನಲ್ಲಿ ಕಾರು ಮಗುಚಿತು. ಒಂದೂವರೆ ಸುತ್ತು ಉರುಳಿ ತಲೆಕೆಳಗಾಗಿ ನಿಂತಿತಂತೆ. ಮುಂದಿನ ಗಾಜು ಪುಡಿಪುಡಿ. ಬೆಲ್ಟು ಬಿಚ್ಚಿಕೊಂಡು ಗೌರೀಶ ತೆವಳುತ್ತ ಹೊರಗೆ ಬಂದಾಗ ಅವನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅಲ್ಲಿಂದಲೇ ನನಗೆ ಫೋನ್ ಮಾಡಿದ. “ಕಾಕಾ, ಮಣೀಲಿಲ್ರಿ,” ಎಂದ, ಅಷ್ಟೇ. ನಾನು ಗ್ರೈಂಡರ್ ಬಂದ್ ಮಾಡಿ ಅಂಗಡಿಯ ಹಿಂದೆ ಹೋಗಿ ಇಮಾಮುದ್ದೀನನನ್ನು ನೆನೆದು ಅತ್ತೆ. ನನ್ನ ಹೆಂಡತಿ ರೇಷ್ಮಾಬಿ ಓಡಿ ಬಂದು ಯಾರು ಸತ್ತರು ಎಂದು ಕೇಳಿದಳು. ಯಾರೂ ಸತ್ತಿಲ್ಲ ಎಂದೆ.

ಕಾರನ್ನು ಲಾರಿಯಲ್ಲಿ ತಂದರು. ಗವಸು, ಫೋಮು ಬಿಚ್ಚಿ ಬೆಸುಗೆಗಳನ್ನೆಲ್ಲ ಭೂತಗನ್ನಡಿ ಹಿಡಿದು ನೋಡಿದೆ, ದಾರ ಹಿಡಿದು ಅಳೆದೆ. ಕಮಾನು ಕೂದಲೆಳೆಯಷ್ಟೂ ಓರೆಯಾಗಿರಲಿಲ್ಲ. ಗಾಜು, ಚೌಕಟ್ಟು ಹೊಸದು ಬಂತು. ಕಮಾನಿಗೆ ಹೊಸ ಬಣ್ಣ ಕೊಟ್ಟು ಫೋಮು ತಿರುಗಿ ಹಚ್ಚಿದೆ, ಗವಸನ್ನು ನಂದಾ ಮತ್ತೆ ಹೊಲಿದಳು. ರಿಪೇರಿ ಮುಗಿದ ಮೇಲೆ ಗೌರೀಶನ ತಾಯಿ ಗುರವ್ವ ಹೇಳಿಕಳಿಸಿದರು. ಸೋಮವಾರ ಕಾರಿಗೆ ಪೂಜೆ ಇದೆ, ಯಾಕೂಬಸಾಬ ಬರಲೇಬೇಕು ಎಂದು.

ಗುರವ್ವನವರು ದೊಡ್ಡ ನಿಷ್ಠೆಯ ಹೆಂಗಸು. ಎಪ್ಪತ್ತು ದಾಟಿದರೂ ಲಿಂಗಪೂಜೆ ಆಗದೆ ಹನಿ ನೀರು ಕುಡಿಯುವವರಲ್ಲ. ನನ್ನನ್ನು ನೋಡಿದ ಕೂಡಲೇ ಕೈ ಹಿಡಿದುಕೊಂಡು, ನನ್ನ ಮಗನನ್ನು ತಿರುಗಿ ಕೊಟ್ಟವನು ನೀನು ಎಂದರು. ಅಂಗಳದಲ್ಲಿ ಓಣಿಯವರೆಲ್ಲ ಕೂಡಿದ್ದರು. ನಂದಾ ಇರಲಿಲ್ಲ, ಶಾಲೆಯಲ್ಲಿ ಪರೀಕ್ಷೆ ನಡೆದಿತ್ತು. ಗುರವ್ವನವರು ವಿಭೂತಿ ಕಲಸಿದ ಬಟ್ಟಲು ಹಿಡಿದು ಕಮಾನಿನ ಹತ್ತಿರ ಬಂದರು. ಕರಿ ಗವಸು ಮುಟ್ಟಿ ನೋಡಿ ಕೈ ಹಿಂದೆ ತೆಗೆದರು.

“ಮಗನ್ನ ಉಳಿಸಿದ್ದು ಕಬ್ಬಣ. ಅದರ ಮ್ಯಾಲ ಈ ಕರೇ ಅರಿವಿ ಯಾಕ್ ಹೊಚ್ಚೀರಿ? ತಗೀರಿ ಇದನ್ನ.”

ಗೌರೀಶ ನನ್ನ ಮುಖ ನೋಡಿದ. ಆಗ ನಾನು ಬಾಯಿ ತೆರೆಯಬೇಕಿತ್ತು. ಗಿರಾಕಿಗಳ ಮೇಲೆ ಮೂವತ್ತೆರಡು ವರ್ಷ ಹರಿಹಾಯ್ದ ಬಾಯಿ ಅದು. ಅವತ್ತು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಕಿಸೆಯಿಂದ ಚಾಕು ತೆಗೆದು ನಂದಾ ಹಾಕಿದ ಹೊಲಿಗೆಯನ್ನು ಉದ್ದಕ್ಕೂ ಕೊಯ್ದೆ, ಫೋಮನ್ನು ಕಿತ್ತೆ. ಪೂಜೆ ಮುಗಿದ ಮೇಲೆ ಹಚ್ಚಿದರಾಯಿತು ಎಂದುಕೊಂಡೆ. ಕಮಾನು ಬಿಸಿಲಿಗೆ ಹೊಳೆಯಿತು. ನನ್ನ ಬೆಸುಗೆ ಸಾಲಾಗಿ ಎದ್ದು ಕಂಡಿತು, ಜನ ಬಗ್ಗಿ ಬಗ್ಗಿ ನೋಡಿದರು. ನನ್ನ ಎದೆ ಉಬ್ಬಿತು.

ಗುರವ್ವನವರು ಕಮಾನಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದರು, ಚೆಂಡುಹೂವಿನ ಸರ ಕಟ್ಟಿದರು. ಕಾಯಿ ಒಡೆಯಲು ಯಾರೋ ಕಲ್ಲು ಹುಡುಕುತ್ತಿದ್ದರು. ಕಲ್ಲು ಯಾಕೆ, ಇದರ ಮೇಲೇ ಒಡಿ ಎಂದು ಅವರು ಮಗನಿಗೆ ಹೇಳಿದರು. ಗೌರೀಶ ಕಾಯಿ ಎತ್ತಿ ಕಮಾನಿಗೆ ಬಡಿದ. ಒಂದೇ ಏಟಿಗೆ ಸರಿಯಾಗಿ ಎರಡು ಹೋಳು. ಎಲ್ಲರೂ ಭಾಳ ಶುಭ ಎಂದರು. ನಾನು ಪೈಪನ್ನೇ ನೋಡುತ್ತಿದ್ದೆ, ಅದರ ಮೇಲೆ ಒಂದು ಗೆರೆ ಕೂಡ ಬೀಳಲಿಲ್ಲ ಎಂದು ಹಿಗ್ಗುತ್ತಿದ್ದೆ. ಕಾಯಿಯ ಕಡೆ ನೋಡಬೇಕಿತ್ತು. ನನಗೊಂದು ಶಾಲು ಹೊದಿಸಿದರು, ಹೋಳಿಗೆ ಉಂಡು ಬಂದೆ. ಕೊಯ್ದ ಗವಸು, ಫೋಮು ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಬಂದು ಅಂಗಡಿಯ ಗೋಡೆಯಲ್ಲಿನ ಮಾಡದಲ್ಲಿಟ್ಟೆ.

ಮರುವಾರ ಹಚ್ಚಲು ಹೋದರೆ ಗುರವ್ವನವರು ತಡೆದರು. ಐದು ಸೋಮವಾರ ಪೂಜೆ ಹರಕೆ ಹೊತ್ತಿದ್ದರಂತೆ. ವಿಭೂತಿ ಬಿದ್ದ ಮೇಲೆ ಮುಚ್ಚುವುದು ಸರಿಯಲ್ಲ, ಐದು ಮುಗಿಯಲಿ ಎಂದರು. ಹೀಗೇ ಇದ್ದರೆ ಚೆಂದ ಕಾಣುತ್ತದೆ ಎಂದು ಗೌರೀಶನೂ ಅಂದ. ನನಗೂ ಹಾಗೇ ಬೇಕಿತ್ತು. ಗುಡಗೇರಿಯ ಸಂತೆಗೆ ಕಾರು ಹೋದರೆ ಜನ ಸುತ್ತುಗಟ್ಟಿ ಇದು ಯಾಕೂಬಸಾಬನ ಕೈ ಅನ್ನುತ್ತಿದ್ದರು. ಆ ತಿಂಗಳು ನಾಲ್ಕು ಜನ ಬಂದು ತಾವಾಗಿಯೇ ದಪ್ಪ ಪೈಪಿನ ಟಾಪು ಹೇಳಿ ಹೋದರು. ಇಮಾಮುದ್ದೀನ ಸತ್ತ ಮೇಲೆ ನಾನು ಕೂಗಿ ಕೂಗಿ ಆಗದ ಕೆಲಸವನ್ನು ಆ ಬರಿ ಪೈಪು ಮಾಡಿತ್ತು. ಮಾಡದಲ್ಲಿದ್ದ ಚೀಲ ನೋಡಿ, ಇದನ್ನು ಯಾವಾಗ ಒಯ್ದು ಕೊಡುತ್ತೀರಿ ಎಂದು ರೇಷ್ಮಾಬಿ ಎರಡು ಸಲ ಕೇಳಿದಳು. ಎರಡು ಸಲವೂ ಅವಳ ಮೇಲೆ ರೇಗಿದೆ.

ಮೂರನೇ ಸೋಮವಾರದ ಮಾರನೇ ದಿನ ನಂದಾ ಶಾಲೆಯಿಂದ ನಡೆದು ಅಂಗಡಿಗೆ ಬಂದಳು. ಫೋಮು ಯಾವಾಗ ಹಚ್ಚುತ್ತೀರಿ ಎಂದು ಕೇಳಿದಳು. ಮನೆಯಲ್ಲಿ ಹೇಳಿ ನೋಡಿದ್ದಳಂತೆ. ಮಗನ ಜೀವ ಉಳಿಸಿದ್ದರ ಮೇಲೆ ಸಂಶಯ ಪಡುತ್ತೀಯಾ ಎಂದು ಅತ್ತೆ ಕಣ್ಣೀರು ಹಾಕಿದರಂತೆ. ನೀವು ಒಂದು ಮಾತು ಹೇಳಿದರೆ ಅವರು ಕೇಳುತ್ತಾರೆ, ಅಲ್ಲಿಯವರೆಗೆ ನಾನು ಬಸ್ಸಿಗೆ ಹೋಗುತ್ತೇನೆಂದರೂ ಬೇಜಾರು ಮಾಡಿಕೊಳ್ಳುತ್ತಾರೆ ಎಂದಳು. ನಾನು ಕೆಲಸದ ಗಡಿಬಿಡಿಯಲ್ಲಿದ್ದೆ. ಮುಖದ ಗಾಜು ಮೇಲೆತ್ತಿ ನಕ್ಕೆ.

“ನಿಮ್ಮ ಗಂಡನ್ನ ಉಳಿಸಿದ್ದರಿ ಅದು. ನಿಮಗೇನ್ ಮಾಡೀತು? ಇನ್ನ ಎರಡ ಸೋಮವಾರ.”

ಆಕೆ ಮಾಡದ ಕಡೆ ಒಂದು ಸಲ ನೋಡಿದಳು. ಅಷ್ಟರಲ್ಲಿ ಹೊರಗೆ ಗೌರೀಶನ ಕಾರು ಬಂತು, ಸೆರಗು ತಲೆಗೆ ಸುತ್ತಿಕೊಂಡು ಹೋಗಿ ಕೂತಳು.

ನಾಲ್ಕನೇ ಸೋಮವಾರ ಮಧ್ಯಾಹ್ನ ಗುಡಗೇರಿಯ ರೈಲ್ವೆ ಗೇಟು ಬಿದ್ದಿತ್ತು. ಶಾಲೆ ಮುಗಿಸಿದ ನಂದಾಳನ್ನು ಕೂಡಿಸಿಕೊಂಡು ತನ್ನ ಅಂಗಡಿಯ ಕಡೆ ಹೊರಟಿದ್ದ ಗೌರೀಶನ ಕಾರು ಗೇಟಿನ ಮುಂದೆ ನಿಂತಿತ್ತು. ಗೂಡ್ಸ್ ಗಾಡಿ ಹಾಯುತ್ತಿತ್ತು. ನಂದಾ ತಿದ್ದಲು ತಂದಿದ್ದ ಉತ್ತರಪತ್ರಿಕೆಯ ಗಂಟು ಸೀಟಿನ ಹಿಂದೆ ಜಾರಿತ್ತು. ಬೆಲ್ಟು ಸಡಿಲಿಸಿ, ಹಿಂದಕ್ಕೆ ತಿರುಗಿ, ಅದಕ್ಕೆ ಕೈ ಚಾಚಿದ್ದಳು. ಮೆಣಸಿನಕಾಯಿ ಚೀಲ ಹೇರಿಕೊಂಡ ಒಂದು ಟೆಂಪೊ ಹಿಂದಿನಿಂದ ಬಂದು, ಬ್ರೇಕು ಹಿಡಿಯುವುದು ಒಂದು ಕ್ಷಣ ತಡವಾಗಿ, ಕಾರಿಗೆ ತಾಗಿತು. ದೊಡ್ಡ ಏಟೇನಲ್ಲ. ಬಂಪರ್ ಸೀಳಿತು, ಒಂದು ದೀಪ ಒಡೆಯಿತು.

ಗೌರೀಶ ಇಳಿದು ಟೆಂಪೊದವನ ಸಂಗಡ ಜಗಳಕ್ಕೆ ನಿಂತ. ಎರಡು ಮೂರು ನಿಮಿಷ ಜಗಳಾಡಿದನಂತೆ. ರೈಲು ಹೋಗಿ ಗೇಟು ಎದ್ದಿತು, ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ತಿರುಗಿ ಬಂದು ನೋಡಿದರೆ ನಂದಾ ಕಮಾನಿಗೆ ಕಿವಿಯ ಮೇಲ್ಭಾಗ ಆನಿಸಿಕೊಂಡು ಹಾಗೇ ಕೂತಿದ್ದಳು. ರಕ್ತ ಅಷ್ಟಾಗಿ ಇರಲಿಲ್ಲ. ಕೂದಲಿಗೆ ಬೆಳಗಿನ ವಿಭೂತಿ ಮೆತ್ತಿತ್ತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಮೂರನೇ ದಿನ ಬೆಳಿಗ್ಗೆ, ಕಣ್ಣು ತೆರೆಯದೆಯೇ ಹೋದಳು.

ಪೊಲೀಸರು ಬಂದು ಟೆಂಪೊದವನ ಮೇಲೆ ಕೇಸು ಬರೆದುಕೊಂಡರು. ತಲೆಗೆ ಕಬ್ಬಿಣದ ಪೈಪು ತಾಗಿ ಎಂದು ಬರೆದರು, ಆ ಪೈಪಿಗೆ ಮೊದಲು ಏನಾದರೂ ಸುತ್ತಿತ್ತೇ ಎಂದು ಯಾರೂ ಕೇಳಲಿಲ್ಲ. ಮಣ್ಣಿಗೆ ಹೋದಾಗ ನಾನು ದೂರ ನಿಂತಿದ್ದೆ. ಜನ ನನ್ನನ್ನೇ ಸಮಾಧಾನ ಮಾಡಿದರು. ಗಂಡನನ್ನು ಉಳಿಸಿಕೊಟ್ಟೆ, ಹೆಂಡತಿಯ ಆಯುಷ್ಯ ಅಷ್ಟೇ ಇತ್ತು, ನೀನೇನು ಮಾಡುತ್ತೀ ಎಂದರು. ಆ ಮಾತಿಗೆ ನಾನು ತಲೆ ತಗ್ಗಿಸಿ ನಿಂತೆ, ದುಃಖದಿಂದ ಎಂದು ಅವರು ತಿಳಿದರು.

ಶಿವಗಣಾರಾಧನೆ ಮುಗಿದ ಮರುದಿನ ಗೌರೀಶ ಕಾರು ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಕಮಾನನ್ನು ಕೊಯ್ದು ತೆಗೆಯಲು ಹೇಳಿದ. ಗ್ರೈಂಡರ್ ಹಚ್ಚಿದೆ. ಮೂರು ದಿನ ಹಾಕಿದ ಬೆಸುಗೆ ಅರ್ಧ ತಾಸಿನಲ್ಲಿ ಹೋಯಿತು. ಅವನು ಕಟ್ಟೆಯ ಮೇಲೆ ಕೂತು ಕಿಡಿಗಳನ್ನು ನೋಡುತ್ತಿದ್ದ. ಮಷೀನು ನಿಂತ ಮೇಲೆ ಕೇಳಿದ.

“ಕಾಕಾ, ಫೋಮ್ ಇದ್ದಿದ್ರ ಉಳೀತಿದ್ಲೇನ್ರಿ?”

“ಉಳೀತಿದ್ಲು,” ಎಂದೆ. ಫೋಮು ಇದ್ದಿದ್ದರೆ ತಲೆ ನೋಯುತ್ತದೆ ಎಂದು ಒಂದು ಗುಳಿಗೆ ನುಂಗಿ ಆ ರಾತ್ರಿ ಪೇಪರ್ ತಿದ್ದುತ್ತ ಕೂತಿರುತ್ತಿದ್ದಳು ಎಂದು ನನ್ನ ಬಾಯಿಯವರೆಗೆ ಬಂತು, ಅಷ್ಟನ್ನು ನುಂಗಿದೆ.

ಅವನು ನನ್ನನ್ನು ಬೈಯಲಿ ಎಂದು ಕಾದೆ, ಬೈಯಲಿಲ್ಲ. ಹೋಗುವಾಗ ಒಂದೇ ಬೇಡಿಕೊಂಡ. ತೆಗೆಸಿದ್ದು ಅವ್ವ, ಆಕೆಗೆ ಇದು ತಿಳಿದರೆ ಉಳಿಯುವುದಿಲ್ಲ, ಅವಳಿಗೆ ಮಾತ್ರ ಹೇಳಬೇಡಿ ಎಂದ. ಅವನ ಕೈ ಹಿಡಿದು ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಎಂಟು ದಿನಕ್ಕೆ ಗುರವ್ವನವರು ಒಬ್ಬರೇ ಕುಬಿಹಾಳದ ಬಸ್ಸಿಗೆ ಬಂದರು. ರೇಷ್ಮಾಬಿ ಕುರ್ಚಿ ಹಾಕಿದಳು, ಕೂಡಲಿಲ್ಲ. ಅವತ್ತು ಬಿಚ್ಚಿದ್ದು ಎಲ್ಲಿದೆ, ತೋರಿಸು ಎಂದರು. ನಾನು ಮಾಡದಿಂದ ಚೀಲ ತೆಗೆದುಕೊಟ್ಟೆ. ಗವಸಿನಲ್ಲಿ ನಂದಾಳ ಹೊಲಿಗೆ ಒಂದು ಕಡೆ ಇನ್ನೂ ಬಿಗಿಯಾಗಿತ್ತು. ಅವರು ಫೋಮನ್ನು ಹೆಬ್ಬೆರಳಿನಿಂದ ಒತ್ತಿದರು, ತಿರುಗಿಸಿ ಮತ್ತೆ ಒತ್ತಿದರು.

“ಯಾಕೂಬಸಾಬ, ಅವತ್ತ ಕಾಯಿ ಒಂದ ಏಟಿಗೆ ಒಡೀತಲ್ಲ,” ಎಂದರು. “ಇದು ಸುತ್ತಿದ್ರ ಒಡೀತಿತ್ತೇನು?”

ಗೌರೀಶನಿಗೆ ಕೊಟ್ಟ ಮಾತು ನೆನಪಿತ್ತು. ಆದರೆ ಅವರು ಬಸ್ಸು ಹತ್ತುವ ಮೊದಲೇ ತಿಳಿದುಕೊಂಡು ಬಂದಿದ್ದರು. ಮನೆಯಲ್ಲಿ ಒಬ್ಬರೇ ಕೂತು ಆ ಕಾಯಿಯನ್ನು ಮನಸ್ಸಿನಲ್ಲೇ ಎಷ್ಟು ಸಲ ಒಡೆದು ನೋಡಿದ್ದರೋ.

“ಇಲ್ರಿ ಅವ್ವಾರ. ಒಡೀತಿರಲಿಲ್ಲ.”

“ತಗೀರಿ ಅಂದಾಕಿ ನಾ.”

“ನಿಮಗ ಗೊತ್ತಿರಲಿಲ್ರಿ. ನನಗ ಗೊತ್ತಿತ್ತು. ಗೊತ್ತಿದ್ದೂ ಕೊಯ್ದಾವ ನಾ.”

ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಆ ಉಪಕಾರವನ್ನು ನಾನು ಮರೆಯುವುದಿಲ್ಲ. ಗವಸಿನ ಹೊಲಿಗೆಯ ಮೇಲೆ ಬೆರಳಾಡಿಸಿ, “ನಂದಾಗ ಗೊತ್ತಿತ್ತೇನು?” ಎಂದು ಕೇಳಿದರು.

ಗೊತ್ತಿತ್ತು ಎಂದೆ. ಇದನ್ನು ತರಿಸಿದ್ದು, ಹೊಲಿದದ್ದು ಆಕೆಯೇ, ನನ್ನ ಅಂಗಡಿಗೆ ಬಂದು ಕೇಳಿಕೊಂಡಿದ್ದಳು ಎಂದೂ ಹೇಳಿದೆ. ನಾನು ಆಡಿದ ಮಾತನ್ನೂ ಹೇಳಿದೆ.

“ಗೊತ್ತಿದ್ದೂ ದಿನಾ ಅದರ ಮುಂದ ಕುಂತ ಹೋದ್ಲು,” ಎಂದರು ಗುರವ್ವನವರು. “ನನ್ನ ಮನಸ್ಸಿಗೆ ನೋವಾಗಬಾರದಂತ.”

ಫೋಮನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟರು. ನಾನು ಬಸ್ಸಿನವರೆಗೆ ಹಿಂದೆ ಹೋದೆ. ಕಿಟಕಿಯ ಬಳಿ ಕೂತು, ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಕಬ್ಬಿಣದ ಸರಳಿಗೆ ತಲೆ ಆನಿಸಿದರು. ಬಸ್ಸು ಶುರುವಾಯಿತು. ಮುಂದೆ ಕುಬಿಹಾಳದ ದಾರಿ ಪೂರಾ ತಗ್ಗುದಿನ್ನೆ. ನನಗೆ ತಡೆಯಲಾಗಲಿಲ್ಲ.

“ಅವ್ವಾರ, ತಲಿ ಸರಳಿನಿಂದ ತಗೀರಿ,” ಎಂದು ಕೆಳಗಿನಿಂದ ಕೂಗಿ ಹೇಳಿದೆ.

ಅವರಿಗೆ ಕೇಳಿಸಿತು, ನನ್ನ ಕಡೆ ನೋಡಿದರು. ತಲೆ ತೆಗೆಯಲಿಲ್ಲ.